ಮರುಪಾವತಿಯ ಚರಿತ್ರೆ: ಬೆಂಗಳೂರು ದಂಡಿನ ವರಮಾನ ತೆರಿಗೆಯನ್ನು ಕುರಿತ ಒಂದು ವಿವೇಚನೆ

೧. ವಿಷಯ ಪ್ರವೇಶ

ರಾಜ್ಯವು ಪ್ರಜೆಗಳಿಂದ ತೆರಿಗೆಯನ್ನು ಹೇಗೆ ಎತ್ತಿತೆಂಬುದನ್ನು ಕುರಿತು ನಮ್ಮ ಚರಿತ್ರಕಾರರು ವಿಪುಲವಾಗಿ ಬರೆದಿದ್ದಾರೆ. ಶಾಸನಗಳಲ್ಲಿ ಬರುವ ಸಿದ್ಧಾಯ, ಸುಂಕ ಮೊದಲಾದ ಹೆಸರುಗಳಿಂದ ಹಿಡಿದು ಇತ್ತೀಚಿನ ಹಣಕಾಸು ಕಾಯಿದೆಗಳವರೆಗೆ ಈ ಅಧ್ಯಯನದ ವ್ಯಾಪ್ತಿ ಹರಡಿಕೊಂಡಿದೆ. ಆದರೆ ಸಲ್ಲತಕ್ಕುದಕ್ಕಿಂತ ಹೆಚ್ಚಾಗಿ ಬೊಕ್ಕಸಕ್ಕೆ ಸೇರಿದ ಹಣವನ್ನು ರಾಜ್ಯವು ಪ್ರಜೆಗೆ ಯಾವ ರೀತಿಯಲ್ಲಿ, ಎಷ್ಟು ಕಾಲದಲ್ಲಿ, ಯಾವ ಭಾವನೆಯಿಂದ ಮರಳಿ ಕೊಟ್ಟಿತೆಂಬ ಪ್ರಶ್ನೆಯನ್ನು ಕೇಳಿದವರು ವಿರಳ. ತೆರಿಗೆಯ ವಸೂಲಿಯಲ್ಲಿ ರಾಜ್ಯದ ಬಲವು ವ್ಯಕ್ತವಾಗುವಂತೆ, ಮರುಪಾವತಿಯಲ್ಲಿ ಅದರ ನ್ಯಾಯಬುದ್ಧಿಯು ವ್ಯಕ್ತವಾಗುತ್ತದೆ. ಈ ಕಾರಣದಿಂದ ಮರುಪಾವತಿಯ ವಿಚಾರವು ಕೇವಲ ಲೆಕ್ಕಿಗರ ವಿಷಯವೆಂದು ಬಿಟ್ಟುಬಿಡತಕ್ಕುದಲ್ಲ.

ಈ ಅಧ್ಯಯನಕ್ಕೆ ಬೆಂಗಳೂರಿಗಿಂತ ಉಚಿತವಾದ ಸ್ಥಳ ದೊರೆಯುವುದು ಕಷ್ಟ. ಒಂದೇ ಊರಿನೊಳಗೆ ಎರಡು ಆಡಳಿತಗಳು ಅಕ್ಕಪಕ್ಕದಲ್ಲಿ ನಡೆದುದು ಇಲ್ಲಿ. ಆ ಎರಡೂ ಒಂದಾದ ಮೇಲೆ ಹಳೆಯ ತೆರಿಗೆಯ ಬಾಧ್ಯತೆಗಳು ಉಳಿದುವೇ ಅಳಿದುವೇ ಎಂಬ ವಾದವು ದೇಶದ ಅತ್ಯುನ್ನತ ನ್ಯಾಯಾಲಯದವರೆಗೆ ಹೋದುದು ಇಲ್ಲಿಂದ. ಕೊನೆಗೆ, ಇಡೀ ದೇಶದ ವರಮಾನದ ರಿಟರ್ನುಗಳನ್ನು ಒಂದೆಡೆ ತಂದು ಲೆಕ್ಕ ನೋಡುವ ಕೇಂದ್ರವು ಸ್ಥಾಪಿತವಾದುದೂ ಇದೇ ಊರಿನಲ್ಲಿ. ಇಂದು ಪುಲಿಕೇಶಿನಗರದಲ್ಲಿರುವ ಒಬ್ಬ ನಿವೃತ್ತ ನೌಕರನು ತನ್ನ ಮರುಪಾವತಿಯು ಏಕೆ ಬರಲಿಲ್ಲವೆಂದು ವಿಚಾರಿಸುವಾಗ, ಅವನಿಗೆ ದೊರೆಯುವ ಎರಡು ಮೂರು ಪದಗಳ ಉತ್ತರದ ಹಿಂದೆ ಒಂದು ಶತಮಾನಕ್ಕೂ ಮಿಕ್ಕ ಚರಿತ್ರೆಯಿದೆ. ಆ ಚರಿತ್ರೆಯನ್ನು ಸಂಗ್ರಹವಾಗಿ ನಿರೂಪಿಸಿ, ಅದರಿಂದ ಆ ಉತ್ತರದ ಅರ್ಥವನ್ನು ತಿಳಿಯಪಡಿಸುವುದು ಈ ಲೇಖನದ ಉದ್ದೇಶ. ಹಿಂದೆ ‘ವರಮಾನ ತೆರಿಗೆ’ಯೆಂದೂ ಈಗ ಹೆಚ್ಚಾಗಿ ‘ಆದಾಯ ತೆರಿಗೆ’ಯೆಂದೂ ಕರೆಯಲ್ಪಡುವುದು ಒಂದೇ ಆದುದರಿಂದ ಇಲ್ಲಿ ಹಳೆಯ ಹೆಸರನ್ನೇ ಬಳಸಿದೆ.

೨. ಒಂದು ಊರು, ಎರಡು ಕಾನೂನು

ಬ್ರಿಟಿಷರ ಸೈನ್ಯವು ಶ್ರೀರಂಗಪಟ್ಟಣವನ್ನು ಬಿಟ್ಟು ಬೆಂಗಳೂರಿಗೆ ಬಂದು ೧೮೦೯ರಲ್ಲಿ ನೆಲೆಯೂರಿತು. ಜನರು ಈ ಪ್ರದೇಶವನ್ನು ‘ದಂಡು’ ಎಂದು ಕರೆದರು. ಅಲ್ಲಿಯ ರೈಲ್ವೆ ನಿಲ್ದಾಣವು ‘ಬೆಂಗಳೂರು ದಂಡು’ ಎಂಬ ಹೆಸರನ್ನು ಇಂದಿಗೂ ಉಳಿಸಿಕೊಂಡಿದೆ. ೧೮೮೧ರಲ್ಲಿ ಮೈಸೂರು ಸಂಸ್ಥಾನವನ್ನು ಒಡೆಯರ ಮನೆತನಕ್ಕೆ ಹಿಂದಿರುಗಿಸಿದಾಗ, ಬ್ರಿಟಿಷ್ ಸರ್ಕಾರವು ದಂಡಿನ ಪ್ರದೇಶವನ್ನು ತನ್ನ ಅಧಿಕಾರದಲ್ಲಿಯೇ ಇರಿಸಿಕೊಂಡಿತು. ‘ಸಿವಿಲ್ ಮತ್ತು ಮಿಲಿಟರಿ ಸ್ಟೇಷನ್’ ಎಂಬ ಹೆಸರಿನ ಈ ಭಾಗದ ಆಡಳಿತವು ರೆಸಿಡೆಂಟರ ಕೈಯಲ್ಲಿತ್ತು. ನೆಲವು ಮೈಸೂರು ಮಹಾರಾಜರದು, ಆಡಳಿತವು ಬ್ರಿಟಿಷರದು ಎಂಬ ಈ ವಿಚಿತ್ರ ವ್ಯವಸ್ಥೆಯಲ್ಲಿ ಬ್ರಿಟಿಷ್ ಇಂಡಿಯಾದ ಕಾಯಿದೆಗಳು ತಾವಾಗಿಯೇ ಜಾರಿಗೆ ಬರುತ್ತಿರಲಿಲ್ಲ. ಒಂದೊಂದನ್ನೂ ಅಧಿಸೂಚನೆಯ ಮೂಲಕ ಈ ಪ್ರದೇಶಕ್ಕೆ ಅನ್ವಯಿಸಬೇಕಾಗಿತ್ತು.

ಪುಲಿಕೇಶಿನಗರವು ಹುಟ್ಟಿದುದು ಈ ವ್ಯವಸ್ಥೆಯ ಒಡಲಿನಲ್ಲಿ. ೧೮೯೮ರ ಪ್ಲೇಗು ಪಿಡುಗಿನ ತರುವಾಯ ಇಕ್ಕಟ್ಟಾದ ಬೀದಿಗಳಿಂದ ಜನರನ್ನು ಹೊರಗೆ ತಂದು ನೆಲೆಗೊಳಿಸಲು ದಂಡಿನ ಉತ್ತರ ಭಾಗದಲ್ಲಿ ಹೊಸ ಬಡಾವಣೆಗಳು ಏರ್ಪಟ್ಟುವು. ೧೯೦೫ರಿಂದ ೧೯೧೦ರವರೆಗೆ ಮೈಸೂರಿನ ರೆಸಿಡೆಂಟರಾಗಿದ್ದ ಮತ್ತು ಅದಕ್ಕೂ ಹಿಂದೆ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಶಿಕ್ಷಕರಾಗಿದ್ದ ಸ್ಟೂಅರ್ಟ್ ಫ್ರೇಸರರ ಹೆಸರನ್ನು ಅವುಗಳಲ್ಲೊಂದಕ್ಕೆ ಇಟ್ಟರು. ಆ ಫ್ರೇಜರ್ ಟೌನೇ ಇಂದಿನ ಪುಲಿಕೇಶಿನಗರ. ನೌಕರಿಯಿಂದ ನಿವೃತ್ತರಾದವರು, ಪಿಂಚಣಿದಾರರು, ವ್ಯಾಪಾರಿಗಳು ಇಂತಹ ಬಡಾವಣೆಗಳಲ್ಲಿ ಮನೆ ಮಾಡಿದರು. ಸಂಬಳ, ಪಿಂಚಣಿ, ಸಾಲಪತ್ರಗಳ ಬಡ್ಡಿ ಮುಂತಾದ ಇವರ ವರಮಾನಗಳು ತೆರಿಗೆಯ ಅಧಿಕಾರಿಗೆ ಸುಲಭವಾಗಿ ಗೋಚರಿಸುವ ಬಗೆಯವು.

ಬ್ರಿಟಿಷ್ ಇಂಡಿಯಾದಲ್ಲಿ ವರಮಾನ ತೆರಿಗೆಯನ್ನು ಮೊದಲು ವಿಧಿಸಿದುದು ೧೮೬೦ರಲ್ಲಿ. ೧೮೫೭ರ ದಂಗೆಯ ವೆಚ್ಚದಿಂದ ಬರಿದಾದ ಬೊಕ್ಕಸವನ್ನು ತುಂಬುವುದಕ್ಕಾಗಿ ಜೇಮ್ಸ್ ವಿಲ್ಸನ್ನರು ಅದನ್ನು ತಂದರು. ೧೮೮೬ರ ಕಾಯಿದೆಯಿಂದ ಅದು ಶಾಶ್ವತವಾಯಿತು. ೧೯೧೮ರ ಕಾಯಿದೆಯು ಅದನ್ನು ಪರಿಷ್ಕರಿಸಿತು. ೧೯೨೨ರ ಕಾಯಿದೆಯು ನಲವತ್ತು ವರ್ಷಗಳ ಕಾಲ ಬಾಳಿತು. ಈ ೧೯೨೨ರ ಕಾಯಿದೆಯೇ ದಂಡಿನ ಪ್ರದೇಶಕ್ಕೂ ಅನ್ವಯಿಸಲ್ಪಟ್ಟಿತು. ಇತ್ತ ಮೈಸೂರು ಸರ್ಕಾರವು ೧೯೨೩ರಲ್ಲಿ ತನ್ನದೇ ಆದ ವರಮಾನ ತೆರಿಗೆಯ ಕಾಯಿದೆಯನ್ನು ಮಾಡಿತು. ಹೀಗಾಗಿ ದಂಡಿನಲ್ಲಿ ಒಂದು ಕಾನೂನು, ಪೇಟೆಯಲ್ಲಿ ಇನ್ನೊಂದು ಕಾನೂನು. ದಂಡಿನಲ್ಲಿ ಮನೆಯನ್ನೂ ಪೇಟೆಯಲ್ಲಿ ಅಂಗಡಿಯನ್ನೂ ಉಳ್ಳವನು ಎರಡು ಸರ್ಕಾರಗಳ ಲೆಕ್ಕಗಳಿಗೆ ಒಳಪಡುವ ಸಂಭವವಿತ್ತು. ಬ್ರಿಟಿಷ್ ಇಂಡಿಯಾಕ್ಕೂ ದೇಶೀಯ ಸಂಸ್ಥಾನಗಳಿಗೂ ನಡುವೆ ಒಂದೇ ವರಮಾನಕ್ಕೆ ಎರಡು ಸಲ ತೆರಿಗೆ ಬೀಳುವ ಈ ತೊಡಕನ್ನು ಪರಿಹರಿಸುವುದಕ್ಕಾಗಿಯೇ ೧೯೩೯ರಲ್ಲಿ ಪ್ರತ್ಯೇಕ ನಿಯಮಗಳು ರಚಿತವಾದುವು.

೧೯೪೭ರ ಜುಲೈ ೨೬ರಂದು ದಂಡಿನ ಪ್ರದೇಶವು ಮೈಸೂರಿಗೆ ಮರಳಿ ಸೇರಿತು. ನೆಲವೇನೋ ಒಂದು ದಿನದಲ್ಲಿ ಕೈ ಬದಲಾಯಿಸಿತು. ಲೆಕ್ಕಗಳು ಹಾಗೆ ಬದಲಾಗಲಿಲ್ಲ. ಹಿಂದಿನ ವರ್ಷಗಳ ತೆರಿಗೆಯನ್ನು ಹೊಸ ಆಡಳಿತದ ಅಧಿಕಾರಿಯು ಮತ್ತೆ ನಿರ್ಧರಿಸಬಹುದೆ? ಇದು ಕೇವಲ ಪಂಡಿತರ ಪ್ರಶ್ನೆಯಾಗಿ ಉಳಿಯಲಿಲ್ಲ. ದಂಡಿನಲ್ಲಿ ಅಬಕಾರಿ ಗುತ್ತಿಗೆದಾರರಾಗಿದ್ದ ಕೆ. ಎನ್. ಗುರುಸ್ವಾಮಿಯವರಿಗೂ ಬೆಂಗಳೂರಿನ ಇನ್‌ಕಂಟ್ಯಾಕ್ಸ್ ಆಫೀಸರಿಗೂ ನಡುವೆ ನಡೆದ ವ್ಯಾಜ್ಯವನ್ನು ಸುಪ್ರೀಂ ಕೋರ್ಟು ೧೯೫೮ರಲ್ಲಿ ತೀರ್ಮಾನಿಸಿತು. ಆಡಳಿತವು ಬದಲಾದರೂ, ಹಿಂದಿನ ಕಾನೂನಿನ ಮೇರೆಗೆ ಹಿಂದಿನ ವರ್ಷಗಳಿಗೆ ಸಂಬಂಧಿಸಿದ ಕ್ರಮವನ್ನು ಕೈಗೊಳ್ಳುವ ಅಧಿಕಾರವು ಉಳಿದಿರುತ್ತದೆಂದು ತೀರ್ಪಾಯಿತು. ಇಷ್ಟರೊಳಗೆ ೧೯೫೦ರ ಏಪ್ರಿಲ್ ೧ರಿಂದ ಮೈಸೂರೂ ಸೇರಿದಂತೆ ‘ಬಿ’ ಭಾಗದ ರಾಜ್ಯಗಳಿಗೆ ಭಾರತದ ವರಮಾನ ತೆರಿಗೆಯ ಕಾಯಿದೆಯು ವಿಸ್ತರಿಸಿ, ದಂಡು ಪೇಟೆಗಳೆರಡೂ ಒಂದೇ ಇಲಾಖೆಯ ಕೆಳಗೆ ಬಂದಿದ್ದುವು.

ಈ ತೀರ್ಪಿನಿಂದ ಚರಿತ್ರೆಯ ವಿದ್ಯಾರ್ಥಿಯು ಗ್ರಹಿಸಬೇಕಾದ ತತ್ತ್ವವೊಂದಿದೆ. ತೆರಿಗೆಯ ಬಾಧ್ಯತೆಯು ವರ್ಷಕ್ಕೆ ಅಂಟಿಕೊಂಡಿರುತ್ತದೆಯೇ ಹೊರತು ಕಚೇರಿಗೆ ಅಲ್ಲ. ಕಚೇರಿಯ ಹೆಸರು ಅಳಿಯಬಹುದು, ಧ್ವಜವು ಬದಲಾಗಬಹುದು. ಆಯಾ ವರ್ಷದ ಲೆಕ್ಕವು ತೀರುವವರೆಗೆ ನಿಲ್ಲುತ್ತದೆ. ಪ್ರಜೆಯು ಕೊಡಬೇಕಾದುದಕ್ಕೆ ಈ ನ್ಯಾಯ ಸಲ್ಲುವುದಾದರೆ, ಪ್ರಜೆಗೆ ಬರಬೇಕಾದುದಕ್ಕೂ ಅದೇ ನ್ಯಾಯ ಸಲ್ಲತಕ್ಕುದೆಂಬುದು ನಮ್ಮ ಅಭಿಪ್ರಾಯ. ಮುಂದಿನ ಚರಿತ್ರೆಯನ್ನು ಈ ಅಳತೆಗೋಲಿನಿಂದಲೇ ಪರೀಕ್ಷಿಸಬಹುದು.

೩. ಮರುಪಾವತಿಯು ಹುಟ್ಟಿದ ಬಗೆ

ತೆರಿಗೆಯನ್ನು ವರ್ಷದ ಕೊನೆಯಲ್ಲಿ ಲೆಕ್ಕ ಹಾಕಿ ಪ್ರಜೆಯೇ ಕಟ್ಟುವುದಾದರೆ ಮರುಪಾವತಿಯ ಪ್ರಶ್ನೆಯೇ ಬಹುಮಟ್ಟಿಗೆ ಏಳುವುದಿಲ್ಲ. ವರಮಾನವು ಕೈಗೆ ಬರುವ ಮೊದಲೇ ತೆರಿಗೆಯನ್ನು ಮುರಿದುಕೊಳ್ಳುವ ಪದ್ಧತಿಯಿಂದ ಈ ಪ್ರಶ್ನೆಯು ಹುಟ್ಟಿತು. ೧೯೨೨ರ ಕಾಯಿದೆಯ ೧೮ನೆಯ ಪ್ರಕರಣದ ಪ್ರಕಾರ ಸಂಬಳವನ್ನು ಕೊಡುವವನೂ ಸಾಲಪತ್ರಗಳ ಬಡ್ಡಿಯನ್ನು ಕೊಡುವವನೂ ತೆರಿಗೆಯನ್ನು ಹಿಡಿದುಕೊಂಡು ಉಳಿದುದನ್ನು ಕೊಡಬೇಕಾಗಿತ್ತು. ಬಡ್ಡಿಯ ಮೇಲಿನ ಕಡಿತವು ಗರಿಷ್ಠ ದರದಲ್ಲಿ ನಡೆಯುತ್ತಿತ್ತು. ಏಕೆಂದರೆ ಬಡ್ಡಿಯನ್ನು ಪಡೆಯುವವನು ಸಿರಿವಂತನೋ ಬಡ ವಿಧವೆಯೋ ಎಂಬುದು ಕೊಡುವ ಕಚೇರಿಗೆ ಗೊತ್ತಿರುತ್ತಿರಲಿಲ್ಲ. ಕಂಪನಿಗಳ ಲಾಭಾಂಶದ ವಿಷಯದಲ್ಲಿಯೂ ಕಂಪನಿಯು ತೆತ್ತ ತೆರಿಗೆಯನ್ನು ಷೇರುದಾರನ ಪರವಾಗಿ ತೆತ್ತುದೆಂದು ಭಾವಿಸುವ ಪದ್ಧತಿಯಿತ್ತು. ೧೯೫೯ರ ಹಣಕಾಸು ಕಾಯಿದೆಯು ಅದನ್ನು ಕೊನೆಗೊಳಿಸಿತು. ಅಲ್ಪ ವರಮಾನದವರಿಂದ ಹೀಗೆ ಹೆಚ್ಚಾಗಿ ಹಿಡಿದ ಹಣವನ್ನು ಮರಳಿ ಪಡೆಯುವ ಹಕ್ಕನ್ನು ೪೮ನೆಯ ಪ್ರಕರಣವು ಕೊಟ್ಟಿತು. ತೆತ್ತ ತೆರಿಗೆಯು ಸಲ್ಲತಕ್ಕುದಕ್ಕಿಂತ ಹೆಚ್ಚಾಗಿದೆಯೆಂದು ಅಧಿಕಾರಿಗೆ ಮನದಟ್ಟು ಮಾಡಿಕೊಟ್ಟಲ್ಲಿ ಹೆಚ್ಚಿನ ಹಣಕ್ಕೆ ಅವನು ಹಕ್ಕುದಾರನೆಂಬುದು ಅದರ ಸಾರಾಂಶ.

ಇಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಮರುಪಾವತಿಯು ದಯೆಯಲ್ಲ, ಹಕ್ಕು. ಎರಡನೆಯದಾಗಿ, ಆ ಹಕ್ಕನ್ನು ಸ್ಥಾಪಿಸುವ ಭಾರವು ಕೇಳುವವನ ಮೇಲೆಯೇ ಬಿದ್ದಿತು. ಹಿಡಿಯುವಾಗ ಯಾರನ್ನೂ ಕೇಳದ ವ್ಯವಸ್ಥೆಯು ಮರಳಿ ಕೊಡುವಾಗ ಪ್ರಮಾಣವನ್ನು ಕೇಳಿತು. ತೆರಿಗೆ ಹಿಡಿದುದಕ್ಕೆ ಸರ್ಟಿಫಿಕೇಟನ್ನು ತರಬೇಕು. ಗೊತ್ತಾದ ಅವಧಿಯೊಳಗೆ ಅರ್ಜಿ ಕೊಡಬೇಕು. ಅಧಿಕಾರಿಯು ಮಂಜೂರು ಮಾಡಿದ ಆದೇಶವನ್ನು ಖಜಾನೆಯಲ್ಲಿಯೋ ಬ್ಯಾಂಕಿನಲ್ಲಿಯೋ ತೋರಿಸಿ ಹಣ ಪಡೆಯಬೇಕು. ಅಂದರೆ ಹಿಡಿದವನ ಲೆಕ್ಕ, ಕೇಳುವವನ ಲೆಕ್ಕ, ಇಲಾಖೆಯ ಲೆಕ್ಕ ಈ ಮೂರೂ ಒಂದಕ್ಕೊಂದು ತಾಳೆಯಾದಲ್ಲದೆ ಹಣವು ಹೊರಬೀಳುವಂತಿರಲಿಲ್ಲ. ವಿಳಂಬದ ಬೇರು ಇರುವುದು ಈ ಮೂರು ಲೆಕ್ಕಗಳ ಸಂಧಿಗಳಲ್ಲಿ. ಮುಂದೆ ಯಂತ್ರಗಳು ಬಂದರೂ ಈ ಸಂಧಿಗಳು ಮಾಯವಾಗಲಿಲ್ಲವೆಂಬುದನ್ನು ನಾವು ಕಾಣಲಿದ್ದೇವೆ.

ಯುದ್ಧಕಾಲದಲ್ಲಿ, ಎಂದರೆ ೧೯೪೪ರಲ್ಲಿ, ಮುಂಗಡ ತೆರಿಗೆಯ ಪದ್ಧತಿಯು ೧೮ಎ ಪ್ರಕರಣದ ಮೂಲಕ ಬಂದಿತು. ಅದರಲ್ಲಿ, ಮುಂಗಡವಾಗಿ ಕಟ್ಟಿದ ಹಣಕ್ಕೆ ಸರ್ಕಾರವು ವರ್ಷಕ್ಕೆ ಶೇಕಡ ೨ರಂತೆ ಬಡ್ಡಿ ಕೊಡಬೇಕೆಂದೂ, ಕಡಮೆ ಕಟ್ಟಿದವನು ಶೇಕಡ ೬ರಂತೆ ಬಡ್ಡಿ ತೆರಬೇಕೆಂದೂ ವಿಧಿಸಿದರು. ಒಂದೇ ಹಣ, ಒಂದೇ ಕಾಲ. ಆದರೆ ಅದು ಯಾರ ಕೈಯಲ್ಲಿ ನಿಂತಿತೆಂಬುದರ ಮೇಲೆ ಅದರ ಬೆಲೆಯಲ್ಲಿ ಮೂರು ಪಟ್ಟು ವ್ಯತ್ಯಾಸ. ಈ ತಾರತಮ್ಯವು ಮುಂದೆಯೂ ಬೇರೆ ರೂಪದಲ್ಲಿ ಕಾಣಿಸಿಕೊಂಡಿತು.

ಆಡಳಿತದೊಳಗೆ ಉದಾರ ಮನೋಭಾವವು ಇರಲೇ ಇಲ್ಲವೆಂದು ಹೇಳುವುದು ನ್ಯಾಯವಾಗದು. ೧೯೫೫ರ ಏಪ್ರಿಲ್ ೧೧ರಂದು ಕೇಂದ್ರ ರೆವೆನ್ಯೂ ಮಂಡಲಿಯು ತನ್ನ ಅಧಿಕಾರಿಗಳಿಗೆ ೧೪ನೆಯ ಸಂಖ್ಯೆಯ ಒಂದು ಸುತ್ತೋಲೆಯನ್ನು ಕಳುಹಿಸಿತು. ತೆರಿಗೆದಾರನ ಅಜ್ಞಾನದಿಂದ ಅಧಿಕಾರಿಗಳು ಲಾಭ ಪಡೆಯಕೂಡದು. ಅವನಿಗೆ ಸಲ್ಲತಕ್ಕ ರಿಯಾಯಿತಿಗಳನ್ನೂ ಮರುಪಾವತಿಯನ್ನೂ ಅವನು ಕೇಳದಿದ್ದರೂ ಅವನ ಗಮನಕ್ಕೆ ತಂದು ನೆರವಾಗುವುದು ಅವರ ಕರ್ತವ್ಯ ಎಂಬುದು ಅದರ ತಾತ್ಪರ್ಯ. ನ್ಯಾಯಾಲಯಗಳು ಈ ಸುತ್ತೋಲೆಯನ್ನು ಅನೇಕ ದಶಕಗಳ ಅನಂತರವೂ ಉಲ್ಲೇಖಿಸಿವೆ. ಮರುಪಾವತಿಯ ಚರಿತ್ರೆಯಲ್ಲಿ ಇದೊಂದು ಮೈಲಿಗಲ್ಲೆಂದು ಪರಿಗಣಿಸಬಹುದು.

೪. ವಿಳಂಬದ ಬೆಲೆ

೧೯೬೨ರ ಏಪ್ರಿಲ್ ೧ರಿಂದ ಜಾರಿಗೆ ಬಂದ ೧೯೬೧ರ ಕಾಯಿದೆಯು ಮರುಪಾವತಿಗೆ ೨೩೭ರಿಂದ ೨೪೫ರವರೆಗಿನ ಪ್ರಕರಣಗಳನ್ನು ಮೀಸಲಿಟ್ಟಿತು. ಗೊತ್ತಾದ ಅವಧಿಯು ಮೀರಿದ ಮೇಲೆ ಸರ್ಕಾರವೂ ಬಡ್ಡಿ ಕೊಡತಕ್ಕುದೆಂಬ ತತ್ತ್ವವನ್ನು ೨೪೩ನೆಯ ಪ್ರಕರಣವು ಅಂಗೀಕರಿಸಿತು. ೧೯೮೯–೯೦ರ ನಿರ್ಧರಣ ವರ್ಷದಿಂದ ೨೪೪ಎ ಪ್ರಕರಣವು ಆ ಸ್ಥಾನವನ್ನು ಆಕ್ರಮಿಸಿತು. ೨೦೦೩ರ ಸೆಪ್ಟೆಂಬರ್ ೮ರಿಂದ ಸರ್ಕಾರವು ಕೊಡುವ ಬಡ್ಡಿಯು ತಿಂಗಳಿಗೆ ಶೇಕಡ ಅರ್ಧವೆಂದೂ, ಮುಂಗಡ ತೆರಿಗೆಯನ್ನು ಕಡಮೆ ಕಟ್ಟಿದವನು ತೆರುವ ಬಡ್ಡಿಯು ತಿಂಗಳಿಗೆ ಶೇಕಡ ೧ ಎಂದೂ ಗೊತ್ತಾಯಿತು. ಉದಾಹರಣೆಗೆ, ೨೦,೦೦೦ ರೂಪಾಯಿಗಳು ಎಂಟು ತಿಂಗಳ ಕಾಲ ಸರ್ಕಾರದ ಬಳಿ ನಿಂತರೆ ಪ್ರಜೆಗೆ ದೊರೆಯುವುದು ೮೦೦ ರೂಪಾಯಿ. ಅಷ್ಟೇ ಹಣವು ಅಷ್ಟೇ ಕಾಲ ಪ್ರಜೆಯ ಬಳಿ ನಿಂತರೆ ಅವನು ತೆರಬೇಕಾದುದು ೧,೬೦೦ ರೂಪಾಯಿ. ೧೯೪೪ರಲ್ಲಿ ಮೂರು ಪಟ್ಟಾಗಿದ್ದ ವ್ಯತ್ಯಾಸವು ಎರಡು ಪಟ್ಟಿಗೆ ಇಳಿಯಿತೆಂದು ಹೇಳಬಹುದು. ಸಮಾನತೆಯು ಬಂದಿತೆಂದು ಹೇಳಲಾಗದು. ಇದಲ್ಲದೆ, ಮುರಿದುಕೊಂಡ ಮತ್ತು ಮುಂಗಡವಾಗಿ ಕಟ್ಟಿದ ತೆರಿಗೆಯ ಮರುಪಾವತಿಯು ನಿರ್ಧಾರವಾದ ತೆರಿಗೆಯ ಶೇಕಡ ೧೦ಕ್ಕಿಂತ ಕಡಮೆಯಿದ್ದಲ್ಲಿ ಬಡ್ಡಿಯೇ ಇಲ್ಲವೆಂಬ ನಿಬಂಧನೆಯೂ ಇತ್ತು.

ನ್ಯಾಯಾಲಯಗಳಲ್ಲಿಯೂ ಈ ವಿಚಾರವು ಏರಿಳಿತಗಳನ್ನು ಕಂಡಿತು. ೨೦೦೬ರಲ್ಲಿ ಸ್ಯಾಂಡ್ವಿಕ್ ಏಷ್ಯಾ ಕಂಪನಿಯ ಮೊಕದ್ದಮೆಯಲ್ಲಿ, ಸಲ್ಲಬೇಕಾದ ಬಡ್ಡಿಯನ್ನೇ ಬಹುಕಾಲ ತಡೆಹಿಡಿದುದಕ್ಕಾಗಿ ಇಲಾಖೆಯು ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟು ಆಜ್ಞಾಪಿಸಿತು. ೨೦೧೩ರಲ್ಲಿ ಗುಜರಾತ್ ಫ್ಲೂರೋ ಕೆಮಿಕಲ್ಸ್ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯವು, ಹಿಂದಿನದು ಆ ಪ್ರಸಂಗಕ್ಕೆ ಮಾತ್ರ ಸಲ್ಲುವ ಪರಿಹಾರವೆಂದೂ, ಕಾಯಿದೆಯು ಹೇಳಿದ ಬಡ್ಡಿಯನ್ನು ಮಾತ್ರವೇ ಕೇಳಬಹುದೆಂದೂ ಸ್ಪಷ್ಟಪಡಿಸಿತು. ಹೀಗೆ ವಿಳಂಬಕ್ಕೆ ಬೆಲೆಯಿದೆ ಎಂಬ ಮಾತು ಸ್ಥಿರವಾಯಿತು. ಆ ಬೆಲೆಗೆ ಮಿತಿಯೂ ನಿರ್ಣಯವಾಯಿತು.

೫. ಇಡೀ ದೇಶದ ಲೆಕ್ಕವು ಬೆಂಗಳೂರಿಗೆ ಬಂದುದು

ಸುಮಾರು ೨೦೦೯ರವರೆಗೆ ಬೆಂಗಳೂರಿನ ತೆರಿಗೆದಾರನು ತನ್ನ ರಿಟರ್ನನ್ನು ತನ್ನ ವಾರ್ಡಿನ ಅಧಿಕಾರಿಗೇ ಒಪ್ಪಿಸುತ್ತಿದ್ದನು. ದಂಡಿನ ಅಂಚಿನಲ್ಲಿರುವ ಕ್ವೀನ್ಸ್ ರಸ್ತೆಯ ಕೇಂದ್ರ ರೆವೆನ್ಯೂ ಕಟ್ಟಡವು ಈ ಆಡಳಿತದ ಪ್ರಧಾನ ನೆಲೆಯಾಗಿತ್ತು. ಲೆಕ್ಕ ನೋಡುವವನೂ ಮರುಪಾವತಿಯನ್ನು ಮಂಜೂರು ಮಾಡುವವನೂ ಅಲ್ಲಿ ಒಬ್ಬನೇ. ಈ ವ್ಯವಸ್ಥೆಯಲ್ಲಿ ಒಂದು ಅನುಕೂಲವೂ ಒಂದು ಅನನುಕೂಲವೂ ಇದ್ದುವು. ಕೇಳಲು ಒಬ್ಬ ಗುರುತಿನ ಮನುಷ್ಯನಿದ್ದುದು ಅನುಕೂಲ. ಆ ಒಬ್ಬ ಮನುಷ್ಯನ ಇಚ್ಛೆ ಮತ್ತು ಅವಕಾಶಗಳಿಗೆ ಕಾಯಬೇಕಾದುದು ಅನನುಕೂಲ.

೨೦೦೮ರ ಹಣಕಾಸು ಕಾಯಿದೆಯು ರಿಟರ್ನುಗಳನ್ನು ಕೇಂದ್ರೀಕೃತವಾಗಿ ಸಂಸ್ಕರಿಸುವ ಯೋಜನೆಗೆ ಅವಕಾಶ ಮಾಡಿಕೊಟ್ಟಿತು. ಕೇಂದ್ರ ಮಂತ್ರಿಮಂಡಲವು ೨೦೦೯ರ ಫೆಬ್ರವರಿಯಲ್ಲಿ ಒಪ್ಪಿಗೆಯಿತ್ತ ಮೇರೆಗೆ ಬೆಂಗಳೂರಿನಲ್ಲಿ ಕೇಂದ್ರೀಕೃತ ಸಂಸ್ಕರಣಾ ಕೇಂದ್ರವು ಸ್ಥಾಪಿತವಾಯಿತು. ಅದರ ಯಂತ್ರವ್ಯವಸ್ಥೆಯ ಹೊಣೆಯನ್ನು ಇನ್ಫೋಸಿಸ್ ಸಂಸ್ಥೆಗೆ ವಹಿಸಲಾಯಿತು. ದೇಶದ ಎಲ್ಲೆಡೆಯಿಂದ ವಿದ್ಯುನ್ಮಾನ ರೂಪದಲ್ಲಿ ಬರುವ ರಿಟರ್ನುಗಳೂ, ಕರ್ನಾಟಕ ಮತ್ತು ಗೋವಾ ರಾಜ್ಯಗಳ ಕಾಗದದ ರಿಟರ್ನುಗಳೂ ಮೊದಲು ಇದರ ಪಾಲಿಗೆ ಬಂದುವು. ೧೮೮೧ರಲ್ಲಿ ಒಂದು ಊರಿಗೆ ಎರಡು ಆಡಳಿತಗಳಿದ್ದ ಸ್ಥಳದಲ್ಲಿ ಈಗ ಇಡೀ ದೇಶಕ್ಕೆ ಒಂದೇ ಲೆಕ್ಕದ ಮನೆಯು ಎದ್ದಿತು.

ಆರಂಭದ ವರ್ಷಗಳಲ್ಲಿ ಹೊಸದೂ ಹಳೆಯದೂ ಬೆರೆತಿದ್ದುವು. ರಿಟರ್ನನ್ನು ಗಣಕಯಂತ್ರದ ಮೂಲಕ ಕಳುಹಿಸಿದ ಮೇಲೆ, ವಿದ್ಯುನ್ಮಾನ ಸಹಿಯಿಲ್ಲದವರು ‘ಐಟಿಆರ್–ವಿ’ ಎಂಬ ಸ್ವೀಕೃತಿ ಪತ್ರಕ್ಕೆ ಸಹಿ ಮಾಡಿ ಎಲೆಕ್ಟ್ರಾನಿಕ್ ಸಿಟಿ ಅಂಚೆ ಕಚೇರಿಯ ಒಂದನೆಯ ಸಂಖ್ಯೆಯ ಅಂಚೆ ಚೀಲಕ್ಕೆ ಕಳುಹಿಸಬೇಕಾಗಿತ್ತು. ಮೊದಲು ಅದನ್ನು ಸಾದಾ ಅಂಚೆಯಲ್ಲಿಯೇ ಕಳುಹಿಸಬೇಕೆಂಬ ನಿಯಮವಿದ್ದುದರಿಂದ, ಪತ್ರವು ದಾರಿಯಲ್ಲಿ ಕಳೆದರೆ ಕಳುಹಿಸಿದವನಿಗೆ ಸಾಕ್ಷ್ಯವೇ ಇರುತ್ತಿರಲಿಲ್ಲ. ಆಮೇಲೆ ಸ್ಪೀಡ್ ಪೋಸ್ಟಿಗೂ ಅವಕಾಶವಾಯಿತು. ೨೦೧೫ರಿಂದ ಆಧಾರ್ ಮೊದಲಾದವುಗಳ ಮೂಲಕ ಮನೆಯಿಂದಲೇ ದೃಢೀಕರಿಸುವ ಮಾರ್ಗವು ತೆರೆಯಿತು. ದೃಢೀಕರಣಕ್ಕೆ ಇದ್ದ ೧೨೦ ದಿನಗಳ ಅವಧಿಯು ೨೦೨೨ರ ಆಗಸ್ಟ್ ೧ರಿಂದ ೩೦ ದಿನಗಳಿಗೆ ಇಳಿಯಿತು. ಹಣವನ್ನು ಮುಟ್ಟಿಸುವ ರೀತಿಯೂ ಬದಲಾಯಿತು: ೨೦೦೭ರಲ್ಲಿ ಆರಂಭವಾದ ಯೋಜನೆಯೊಂದರಂತೆ ಸ್ಟೇಟ್ ಬ್ಯಾಂಕು ಇಲಾಖೆಯ ಪರವಾಗಿ ಮರುಪಾವತಿಯನ್ನು ಕಳುಹಿಸತೊಡಗಿತು, ೨೦೧೯ರ ಮಾರ್ಚಿ ೧ರಿಂದ ಚೆಕ್ಕುಗಳು ನಿಂತು, ಪ್ಯಾನ್ ಸಂಖ್ಯೆಗೆ ಜೋಡಿಸಿದ ಬ್ಯಾಂಕ್ ಖಾತೆಗೆ ಮಾತ್ರವೇ ಹಣವು ಸಂದಾಯವಾಗಲಾರಂಭಿಸಿತು.

೨೦೧೯ರ ಜನವರಿಯಲ್ಲಿ ಮಂತ್ರಿಮಂಡಲವು ಈ ಕೇಂದ್ರದ ಎರಡನೆಯ ಘಟ್ಟಕ್ಕೆ ೪,೨೪೧.೯೭ ಕೋಟಿ ರೂಪಾಯಿಗಳನ್ನು ಮಂಜೂರು ಮಾಡಿತು. ಸಂಸ್ಕರಣಕ್ಕೆ ಹಿಡಿಯುತ್ತಿದ್ದ ೬೩ ದಿನಗಳನ್ನು ಒಂದು ದಿನಕ್ಕೆ ಇಳಿಸುವುದು ಆಗ ಸಾರಿದ ಗುರಿ. ಬಹು ಜನರಿಗೆ ಮರುಪಾವತಿಯು ಹಿಂದೆಂದೂ ಕಾಣದ ವೇಗದಲ್ಲಿ ಬಂದುದು ನಿಜ. ಆದರೆ ಯಾರಿಗೆ ಬರಲಿಲ್ಲವೋ ಅವರ ಸ್ಥಿತಿಯು ಹಿಂದಿಗಿಂತ ಕಷ್ಟಕರವಾಯಿತು. ಏಕೆಂದರೆ ಕೇಳುವುದಕ್ಕೆ ಮನುಷ್ಯನಿಲ್ಲ, ಪರದೆಯ ಮೇಲೆ ಒಂದು ವಾಕ್ಯ ಮಾತ್ರ.

೬. ಹಳೆಯ ಬಾಕಿ, ಹೊಸ ಯಂತ್ರ

ಈ ಕಷ್ಟದ ಸ್ವರೂಪವು ೨೦೧೩ರ ಮಾರ್ಚಿ ೧೪ರಂದು ದೆಹಲಿ ಹೈಕೋರ್ಟು ಇತ್ತ ತೀರ್ಪಿನಿಂದ ಬೆಳಕಿಗೆ ಬಂದಿತು. ಒಂದು ಪತ್ರವನ್ನೇ ಸಾರ್ವಜನಿಕ ಹಿತಾಸಕ್ತಿಯ ಅರ್ಜಿಯೆಂದು ಪರಿಗಣಿಸಿ ನ್ಯಾಯಾಲಯವು ಸ್ವಪ್ರೇರಣೆಯಿಂದ ವಿಚಾರಣೆ ನಡೆಸಿತು. ಸಂಗತಿಯು ಹೀಗಿತ್ತು: ವಾರ್ಡುಗಳ ಅಧಿಕಾರಿಗಳು ತಮ್ಮ ಹಳೆಯ ರಿಜಿಸ್ಟರುಗಳಲ್ಲಿದ್ದ ಬಾಕಿಗಳನ್ನು ಬೆಂಗಳೂರಿನ ಕೇಂದ್ರದ ಗಣಕಕ್ಕೆ ಏರಿಸಿದ್ದರು. ಅವುಗಳಲ್ಲಿ ತಪ್ಪಾದವೂ ಹಿಂದೆಯೇ ತೀರಿಹೋದವೂ ಇದ್ದುವು. ಯಂತ್ರವು ಹೊಸ ವರ್ಷದ ಮರುಪಾವತಿಯನ್ನು ಆ ಬಾಕಿಗಳಿಗೆ ವಜಾ ಹಾಕಿಕೊಂಡಿತು. ೨೪೫ನೆಯ ಪ್ರಕರಣದ ಪ್ರಕಾರ ಮೊದಲು ಲಿಖಿತ ತಿಳಿವಳಿಕೆ ಕೊಟ್ಟು, ತೆರಿಗೆದಾರನ ಉತ್ತರವನ್ನು ಪರಿಶೀಲಿಸಿ, ಅನಂತರವೇ ವಜಾ ಹಾಕಿಕೊಳ್ಳಬೇಕು. ಈ ಕ್ರಮವು ಪಾಲನೆಯಾಗಿರಲಿಲ್ಲ. ಹಾಗೆಯೇ ಹಿಡಿದವನು ಸಲ್ಲಿಸಿದ ವಿವರಕ್ಕೂ ತೆರಿಗೆದಾರನು ಕೇಳಿದ ಮೊತ್ತಕ್ಕೂ ಅಲ್ಪ ವ್ಯತ್ಯಾಸವಿದ್ದಲ್ಲಿ, ಹಿಡಿದ ತೆರಿಗೆಯ ಜಮೆಯನ್ನು ನಿರಾಕರಿಸಿ ಬಾಕಿಯನ್ನೇ ಹೊರಿಸುತ್ತಿದ್ದುದೂ ಉಂಟು. ನ್ಯಾಯಾಲಯವು ಇಲಾಖೆಗೆ ಏಳು ಆಜ್ಞೆಗಳನ್ನು ವಿಧಿಸಿತು. ತಿದ್ದುಪಡಿಯ ಅರ್ಜಿಗಳನ್ನು ರಿಜಿಸ್ಟರಿನಲ್ಲಿ ದಾಖಲಿಸಿ ಕಾಲಮಿತಿಯೊಳಗೆ ತೀರ್ಮಾನಿಸಬೇಕೆಂಬುದೂ, ವಜಾ ಮಾಡುವ ಮೊದಲು ೨೪೫ನೆಯ ಪ್ರಕರಣದ ಕ್ರಮವನ್ನು ಅನುಸರಿಸಬೇಕೆಂಬುದೂ ಅವುಗಳಲ್ಲಿ ಸೇರಿದ್ದುವು.

ಚರಿತ್ರೆಯ ದೃಷ್ಟಿಯಿಂದ ಈ ಪ್ರಸಂಗವು ೧೯೫೮ರ ತೀರ್ಪಿನ ಇನ್ನೊಂದು ಮುಖ. ಅಂದು ಹಳೆಯ ವರ್ಷದ ಬಾಧ್ಯತೆಯು ಹೊಸ ಆಡಳಿತದಲ್ಲಿಯೂ ಉಳಿಯುತ್ತದೆಂದು ರಾಜ್ಯವು ವಾದಿಸಿ ಗೆದ್ದಿತು. ಅದು ಸರಿಯೆ. ಆದರೆ ಬಾಧ್ಯತೆಯು ಉಳಿಯುವುದಾದರೆ ಅದನ್ನು ಸಾಧಿಸುವ ದಾಖಲೆಯೂ ಉಳಿದಿರಬೇಕು; ದಾಖಲೆಯನ್ನು ಕಾಪಾಡುವ ಹೊಣೆಯು ರಾಜ್ಯದ ಮೇಲೆಯೇ ಇರಬೇಕು. ೨೦೧೩ರಲ್ಲಿ ಪ್ರಕಟವಾದ ದೋಷವು ಯಂತ್ರದ್ದಲ್ಲ, ಪತ್ರಾಗಾರದ್ದು. ತಪ್ಪು ರಿಜಿಸ್ಟರು ಒಂದು ವಾರ್ಡಿನ ಕಪಾಟಿನಲ್ಲಿದ್ದಾಗ ಅದರ ಹಾನಿಯು ಆ ಕಪಾಟಿಗೆ ಮಿತವಾಗಿತ್ತು. ಕೇಂದ್ರಕ್ಕೆ ಏರಿದ ಕೂಡಲೆ ಅದು ಕಾರ್ಯಪ್ರವೃತ್ತವಾಗಿ, ದೂರದ ಊರಿನ ಪಿಂಚಣಿದಾರನ ಹಣವನ್ನು ಹಿಡಿಯುವ ಶಕ್ತಿಯನ್ನು ಪಡೆಯಿತು. ಪತ್ರಾಗಾರಗಳ ಮಹತ್ತ್ವವನ್ನು ಬೋಧಿಸುವ ನಾವು ಇದಕ್ಕಿಂತ ಸ್ಪಷ್ಟವಾದ ನಿದರ್ಶನವನ್ನು ಹುಡುಕಬೇಕಾಗಿಲ್ಲ.

೭. ಸ್ಥಿತಿಸೂಚಕ ಪದಗಳ ಅರ್ಥ

ಈ ಹಿನ್ನೆಲೆಯಲ್ಲಿ, ಇಲಾಖೆಯು ತಿಳಿಸುವ ಸ್ಥಿತಿಸೂಚಕ ಪದಗಳನ್ನು ಚರಿತ್ರೆಯ ಆಕರಗಳಂತೆಯೇ ಎಚ್ಚರಿಕೆಯಿಂದ ಓದಬೇಕು. ಒಂದೊಂದು ಪದವೂ ಮೇಲೆ ಹೇಳಿದ ಒಂದೊಂದು ಸಂಧಿಯನ್ನು ಸೂಚಿಸುತ್ತದೆ.

ರಿಟರ್ನು ‘ಸಲ್ಲಿಕೆಯಾಗಿದೆ’ ಎಂದಷ್ಟೇ ಇದ್ದು ದೃಢೀಕರಣವು ಬಾಕಿಯಿದ್ದರೆ, ಕಾನೂನಿನ ದೃಷ್ಟಿಯಲ್ಲಿ ಕಾರ್ಯವು ಆರಂಭವಾಗಿಯೇ ಇಲ್ಲ. ಹಿಂದಿನ ಅಂಚೆ ಚೀಲದ ಸ್ಥಾನದಲ್ಲಿ ಈಗ ಈ ದೃಢೀಕರಣವಿದೆ. ‘ಸಂಸ್ಕರಣದಲ್ಲಿದೆ’ ಎಂದಿದ್ದರೆ, ೧೪೩(೧) ಪ್ರಕರಣದ ಪ್ರಕಾರ ಲೆಕ್ಕ ನೋಡುವ ಕಾರ್ಯವು ಮುಗಿದಿಲ್ಲವೆಂದರ್ಥ. ೨೦೨೧ರ ತಿದ್ದುಪಡಿಯ ಮೇರೆಗೆ, ರಿಟರ್ನು ಸಲ್ಲಿಸಿದ ಹಣಕಾಸು ವರ್ಷವು ಮುಗಿದ ಮೇಲೆ ಒಂಬತ್ತು ತಿಂಗಳೊಳಗೆ ತಿಳಿವಳಿಕೆ ಪತ್ರವನ್ನು ಕಳುಹಿಸಬೇಕು. ಅಂದರೆ ೨೦೨೪ರ ಜುಲೈಯಲ್ಲಿ ಸಲ್ಲಿಸಿದುದಕ್ಕೆ ೨೦೨೫ರ ಡಿಸೆಂಬರ್ ೩೧ ಕೊನೆಯ ದಿನ. ಎರಡು ತಿಂಗಳಲ್ಲಿ ಬರಲಿಲ್ಲವೆಂಬುದು ಬೇಸರದ ಸಂಗತಿಯಾಗಬಹುದು, ಕಾನೂನಿನ ಉಲ್ಲಂಘನೆಯಾಗದು. ಈ ಮಿತಿಯೂ ಮೀರಿಹೋದ ಹಳೆಯ ರಿಟರ್ನುಗಳನ್ನು ಸಂಸ್ಕರಿಸಿ ಮರುಪಾವತಿ ಕೊಡುವುದಕ್ಕಾಗಿ ಪ್ರತ್ಯಕ್ಷ ತೆರಿಗೆಗಳ ಕೇಂದ್ರ ಮಂಡಲಿಯು ಹಲವು ಸಲ ಅವಧಿಯನ್ನು ಸಡಿಲಿಸಿದುದೂ ಉಂಟು.

‘ಸಂಸ್ಕರಣವಾಗಿದೆ, ಮರುಪಾವತಿ ಸಲ್ಲತಕ್ಕುದು’ ಎಂದಿದ್ದೂ ಹಣವು ಬಾರದಿದ್ದರೆ ತೊಡಕು ಸಾಮಾನ್ಯವಾಗಿ ಬ್ಯಾಂಕಿನ ಸಂಧಿಯಲ್ಲಿರುತ್ತದೆ: ಖಾತೆಯು ಊರ್ಜಿತಗೊಂಡಿಲ್ಲ, ಇಲ್ಲವೆ ಖಾತೆಯ ಹೆಸರಿಗೂ ಪ್ಯಾನ್ ದಾಖಲೆಯ ಹೆಸರಿಗೂ ಹೊಂದಿಕೆಯಿಲ್ಲ. ಮುದುಡಿಸಿದ ಮೊದಲಕ್ಷರಗಳೊಡನೆ ಹೆಸರು ಬರೆಯುವ ನಮ್ಮ ನಾಡಿನ ಪದ್ಧತಿಯು ಇಲ್ಲಿ ಅನೇಕರಿಗೆ ತೊಂದರೆ ಕೊಡುತ್ತದೆ. ಖಾತೆಯನ್ನು ಸರಿಪಡಿಸಿ ಮರುಪಾವತಿಯ ಮರುವಿತರಣೆಗೆ ಕೋರಿಕೆ ಸಲ್ಲಿಸಬೇಕು. ೨೦೨೩ರ ಜುಲೈ ೧ರಿಂದ, ಆಧಾರಿಗೆ ಜೋಡಿಸಬೇಕಾಗಿದ್ದೂ ಜೋಡಿಸದೆ ನಿಷ್ಕ್ರಿಯವಾದ ಪ್ಯಾನಿನವರಿಗೆ ಮರುಪಾವತಿಯನ್ನೂ ಆ ಕಾಲದ ಬಡ್ಡಿಯನ್ನೂ ತಡೆಯಲಾಯಿತೆಂಬುದನ್ನು ಇಲ್ಲಿಯೇ ನೆನೆಯಬಹುದು.

‘ಬಾಕಿಗೆ ಹೊಂದಿಸಲಾಗಿದೆ’ ಎಂದಿದ್ದರೆ ಅದು ೨೪೫ನೆಯ ಪ್ರಕರಣದ ಸಂಧಿ. ತಿಳಿವಳಿಕೆಯು ಬಂದ ಕೂಡಲೆ, ಅದರಲ್ಲಿ ಹೇಳಿದ ದಿನಗಳೊಳಗೆ, ಬಾಕಿಯನ್ನು ಒಪ್ಪುವುದೋ ಅಲ್ಲಗಳೆಯುವುದೋ ಎಂಬುದನ್ನು ತಿಳಿಸಬೇಕು. ಮೌನವನ್ನು ಒಪ್ಪಿಗೆಯೆಂದು ಭಾವಿಸುವ ಸಂಭವವಿದೆ. ಅಲ್ಲಗಳೆಯುವುದಕ್ಕೆ ಹಳೆಯ ಚಲನ್ನು, ಹಳೆಯ ಆದೇಶ, ಹಳೆಯ ಸರ್ಟಿಫಿಕೇಟು ಇವುಗಳೇ ಆಧಾರ. ಹಿಡಿದ ತೆರಿಗೆಯು ‘೨೬ ಎಎಸ್’ ಪಟ್ಟಿಯಲ್ಲಿ ಕಾಣದಿದ್ದರೆ ಹಿಡಿದವನಿಂದಲೇ ಅವನ ವಿವರಣೆಯನ್ನು ತಿದ್ದಿಸಬೇಕು. ಲೆಕ್ಕದಲ್ಲಿ ಸ್ಪಷ್ಟವಾದ ತಪ್ಪಿದ್ದರೆ ೧೫೪ನೆಯ ಪ್ರಕರಣದ ಮೇರೆಗೆ ತಿದ್ದುಪಡಿಯನ್ನು ಕೇಳಬೇಕು. ವಾರ್ಡಿನ ಅಧಿಕಾರಿಗೆ ವರ್ಗಾಯಿಸಿದೆಯೆಂದಿದ್ದರೆ, ಕೇಂದ್ರವನ್ನು ಕೇಳಿ ಫಲವಿಲ್ಲ. ಆ ಅಧಿಕಾರಿಗೇ ಲಿಖಿತವಾಗಿ ಬರೆಯಬೇಕು.

ಮೇಲಿನವುಗಳಿಂದ ಪರಿಹಾರವಾಗದಿದ್ದಲ್ಲಿ ಇಲಾಖೆಯ ಕುಂದುಕೊರತೆಯ ವಿಭಾಗವಿದೆ. ಕೊನೆಗೆ ಹೈಕೋರ್ಟಿನ ರಿಟ್ ಅಧಿಕಾರವಿದೆ. ಈ ಎರಡರ ನಡುವೆ ೨೦೦೬ರ ಮಾರ್ಗಸೂಚಿಯಂತೆ ನಿಯಮಿತರಾಗುತ್ತಿದ್ದ ವರಮಾನ ತೆರಿಗೆಯ ಓಂಬುಡ್ಸ್‌ಮನ್ನರ ಸಂಸ್ಥೆಯನ್ನು ೨೦೧೯ರಲ್ಲಿ ರದ್ದು ಮಾಡಲಾಯಿತು. ಅಲ್ಪ ಮೊತ್ತಕ್ಕಾಗಿ ಹೈಕೋರ್ಟಿಗೆ ಹೋಗಲಾರದ ಪಿಂಚಣಿದಾರನಿಗೆ ಇದೊಂದು ನಷ್ಟವೆಂದೇ ಎಣಿಸಬೇಕು.

೮. ಉಪಸಂಹಾರ

೧೯೬೧ರ ಕಾಯಿದೆಯ ಸ್ಥಾನದಲ್ಲಿ ೨೦೨೬ರ ಏಪ್ರಿಲ್ ೧ರಿಂದ ನಡೆಯುವಂತೆ ೨೦೨೫ರ ಆದಾಯ ತೆರಿಗೆಯ ಕಾಯಿದೆಯು ರಚಿತವಾಗಿದೆ. ಪ್ರಕರಣಗಳ ಸಂಖ್ಯೆಗಳೂ ಹಲವು ಹೆಸರುಗಳೂ ಅದರಲ್ಲಿ ಬದಲಾಗಿವೆ. ಆದರೂ ಹಳೆಯ ವರ್ಷಗಳ ಹಕ್ಕುಬಾಧ್ಯತೆಗಳು ಹಳೆಯ ಕಾಯಿದೆಯ ಮೇರೆಗೇ ತೀರಬೇಕಾದುದರಿಂದ, ೧೯೪೭ರಲ್ಲಿ ದಂಡಿನ ಜನರು ಎದುರಿಸಿದ ಪ್ರಶ್ನೆಯು ಸೌಮ್ಯವಾದ ರೂಪದಲ್ಲಿ ಮತ್ತೆ ನಮ್ಮ ಮುಂದೆ ಬಂದಿದೆಯೆನ್ನಬಹುದು.

ಈ ವಿವೇಚನೆಯಿಂದ ಮೂರು ನಿರ್ಣಯಗಳು ಲಭಿಸುತ್ತವೆ. ಮರುಪಾವತಿಯು ೧೯೨೨ರ ಕಾಯಿದೆಯಿಂದಲೂ ಪ್ರಜೆಯ ಹಕ್ಕಾಗಿದ್ದು, ಅದನ್ನು ಸಾಧಿಸುವ ಭಾರವು ಮಾತ್ರ ಬಹುಮಟ್ಟಿಗೆ ಅವನ ಮೇಲೆಯೇ ಉಳಿದಿದೆ. ವಿಳಂಬವು ಒಬ್ಬಿಬ್ಬರ ಆಲಸ್ಯದಿಂದ ಮಾತ್ರವಲ್ಲದೆ ಮೂರು ಲೆಕ್ಕಗಳು ಕೂಡುವ ಸಂಧಿಗಳಿಂದ ಹುಟ್ಟುತ್ತದೆ; ಯಂತ್ರವು ಆ ಸಂಧಿಗಳನ್ನು ಕಿರಿದುಮಾಡಿತು, ತೊಡೆದುಹಾಕಲಿಲ್ಲ. ವಿಳಂಬಕ್ಕೆ ರಾಜ್ಯವು ಕೊಟ್ಟ ಬೆಲೆಯು ಪ್ರಜೆಯಿಂದ ಪಡೆದ ಬೆಲೆಗೆ ೧೯೪೪ರಲ್ಲಿಯೂ ೨೦೦೩ರಲ್ಲಿಯೂ ಸಮನಾಗಿರಲಿಲ್ಲ. ಮೊದಲಿನ ಎರಡನ್ನು ಆಡಳಿತದ ದಕ್ಷತೆಯಿಂದ ಸರಿಪಡಿಸಬಹುದು. ಮೂರನೆಯದನ್ನು ಶಾಸನಸಭೆಯೇ ಸರಿಪಡಿಸಬೇಕು.

ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಪದವಿಯಾದ ಕೆಲವು ತಿಂಗಳೊಳಗೆ ಸಂಬಳದಾರರಾಗುತ್ತಾರೆ. ಅವರ ಮೊದಲ ಸಂಬಳದಿಂದಲೇ ತೆರಿಗೆಯು ಕಡಿತವಾಗಬಹುದು. ಅಂದಿನಿಂದ ಅವರೂ ಈ ಚರಿತ್ರೆಯ ಒಂದು ಭಾಗ. ರಿಟರ್ನಿನ ಸ್ವೀಕೃತಿ, ತೆರಿಗೆ ಹಿಡಿದ ಸರ್ಟಿಫಿಕೇಟು, ಇಲಾಖೆಯ ತಿಳಿವಳಿಕೆ ಪತ್ರ ಇವುಗಳನ್ನು ವರ್ಷವಾರು ಜೋಡಿಸಿಡುವುದು ಅವರಿಗೆ ಕ್ಷುಲ್ಲಕ ಕೆಲಸವಾಗಿ ತೋರಬಹುದು. ಇಲಾಖೆಯ ರಿಜಿಸ್ಟರು ತಪ್ಪಿದ ದಿನ ಅವರ ಪರವಾಗಿ ನುಡಿಯುವ ಸಾಕ್ಷಿಯು ಆ ಕಾಗದಗಳೇ ಎಂಬುದನ್ನು ಅವರಿಗೆ ತಿಳಿಯಹೇಳುವುದು ಚರಿತ್ರೆಯ ಅಧ್ಯಾಪಕರ ಕರ್ತವ್ಯದ ಹೊರಗಿನದೇನೂ ಅಲ್ಲ.